ಹಳೆಯ ಟರ್ಬೊ ಕಾರಿನ ಟ್ಯೂನಿಂಗ್: ಬೂಸ್ಟ್‌ಗೆ ಕೈ ಹಾಕುವುದು ಕೊನೆಗೆ

ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರು ಕೈಗೆ ಸಿಕ್ಕ ಕೂಡಲೇ ಬರುವ ಮೊದಲ ಯೋಚನೆ ಒಂದೇ. ಬೂಸ್ಟ್, ಅಂದರೆ ಟರ್ಬೊ ಎಂಜಿನ್ ಒಳಕ್ಕೆ ಒತ್ತಿ ಕಳಿಸುವ ಗಾಳಿಯ ಒತ್ತಡ, ಸ್ವಲ್ಪ ಜಾಸ್ತಿ ಮಾಡಿಬಿಡೋಣ ಅನ್ನುವುದು. ನಾನೂ ಅದನ್ನೇ ಮಾಡಿಸಿದೆ. ಒಂದು ಗ್ಯಾರೇಜಿನವರು ಅರ್ಧ ಗಂಟೆಯಲ್ಲಿ ಬೂಸ್ಟ್ ಏರಿಸಿ ಕೀ ಕೈಗೆ ಕೊಟ್ಟರು. ಮೂರು ವಾರ ಗಾಡಿ ಬಾಣದ ಹಾಗೆ ಹೋಯಿತು. ನಾಲ್ಕನೇ ವಾರ ನಿಂತಲ್ಲೇ ನಡುಗಲು ಶುರುವಾಯಿತು. ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಬಿಳಿ ಪಿಂಗಾಣಿಯ ಮೇಲೆ ಕಪ್ಪು ಪುಡಿ ಉದುರಿಸಿದ ಹಾಗೆ ಚುಕ್ಕೆಗಳು, ಅವುಗಳ ನಡುವೆ ಮಿಣಮಿಣ ಹೊಳೆಯುವ ಬೆಳ್ಳಿ ಬಣ್ಣದ ಕಣಗಳು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಆ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅರ್ಧ ಕಟ್ಟಿಕೊಂಡಿತ್ತು, ಹೆಚ್ಚಿದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ ಒಳಗೆ ನಾಕಿಂಗ್ (ಪೆಟ್ರೋಲ್ ಸರಿಯಾಗಿ ಉರಿಯುವ ಬದಲು ಸಿಡಿಯುವುದು) ಆಗಿ ಪಿಸ್ಟನ್ ಕರಗಲು ಶುರುವಾಗಿತ್ತು. ಬೂಸ್ಟ್ ಏರಿಸುವ ಮುಂಚೆ ಇಂಜೆಕ್ಟರನ್ನು ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಈ ಲೇಖನದ ಕ್ರಮ ಹುಟ್ಟಿದ್ದು ಆ ಪ್ಲಗ್‌ನಿಂದ. ಹಳೆಯ ಕಾರು ವರ್ಷಗಳಲ್ಲಿ ಕಳೆದುಕೊಂಡ ಶಕ್ತಿಯನ್ನು ಮೊದಲು ವಾಪಸ್ ತರಬೇಕು, ಆಮೇಲೆ ಅಳೆಯುವ ವ್ಯವಸ್ಥೆ ಮಾಡಿಕೊಳ್ಳಬೇಕು, ಹೊಸ ಶಕ್ತಿಯ ಮಾತು ಅದರ ನಂತರ.

ಈ ಕಾರುಗಳಲ್ಲಿ ದಮ್ಮು ಇಲ್ಲ ಅಂತ ಅಲ್ಲ. ಜಪಾನಿನ ಕಂಪನಿಗಳು 1989ರ ಸುಮಾರಿಗೆ ತಮ್ಮತಮ್ಮಲ್ಲೇ ಒಂದು ಮಿತಿ ಹಾಕಿಕೊಂಡವು. ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ 280 ಪಿಎಸ್‌ಗಿಂತ (ಒಂದು ಪಿಎಸ್ ಅಂದರೆ ಹೆಚ್ಚು ಕಡಿಮೆ ಒಂದು ಅಶ್ವಶಕ್ತಿ) ಜಾಸ್ತಿ ಶಕ್ತಿ ತೋರಿಸುವುದಿಲ್ಲ ಅಂತ. 2004ರವರೆಗೆ ಅದು ನಡೆಯಿತು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26, ಟೊಯೊಟಾ ಸುಪ್ರಾದ 2ಜೆಝಡ್ ಎಂಜಿನ್‌ಗಳು ಆ ಮಿತಿಯೊಳಗೇ ಬಂದವು. ಆದರೆ ಅವುಗಳ ಬ್ಲಾಕ್ ಎರಕದ ಕಬ್ಬಿಣದ್ದು, ಬರೆದುಕೊಂಡ ಅಂಕಿಗಿಂತ ಎಷ್ಟೋ ಹೆಚ್ಚು ತಡೆಯುತ್ತದೆ. ಮಿತ್ಸುಬಿಷಿಯ 4ಜಿ63 ಕೂಡ ಅದೇ ಜಾತಿ. ಮಾಜ್ಡಾ ಆರ್‌ಎಕ್ಸ್-7ರ ರೋಟರಿ ಎಂಜಿನ್ ಮಾತ್ರ ಬೇರೆ, ಅದರಲ್ಲಿ ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುತ್ತದೆ. ಒಂದೆರಡು ಸಲ ಜೋರಾಗಿ ನಾಕಿಂಗ್ ಆದರೂ ರೋಟರಿನ ಮೂಲೆಯಲ್ಲಿರುವ ಅಪೆಕ್ಸ್ ಸೀಲ್ ಒಡೆದುಹೋಗಬಹುದು. ನಿಮ್ಮ ಎಂಜಿನ್ ಯಾವ ಜಾತಿಯದು ಅಂತ ಮೊದಲು ತಿಳಿದುಕೊಳ್ಳಿ. ಗಟ್ಟಿ ಎಂಜಿನ್ ಅಂತ ಹೆಸರಿದ್ದರೂ ಆ ಗಟ್ಟಿತನ ಹೊಸದಾಗಿದ್ದಾಗಿನದು, ಅದು ಇವತ್ತು ಎಷ್ಟು ಉಳಿದಿದೆ ಅನ್ನುವುದೇ ಪ್ರಶ್ನೆ.

ಮೊದಲ ಹೆಜ್ಜೆ: ಎಂಜಿನ್ ಆರೋಗ್ಯ

ಕಂಪ್ರೆಷನ್ ಟೆಸ್ಟ್‌ನಿಂದ ಶುರು ಮಾಡಿ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಪೆಟ್ರೋಲ್ ಮತ್ತು ಇಗ್ನಿಷನ್ ಎರಡನ್ನೂ ಕಡಿತ ಮಾಡಿ, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ. ಆಕ್ಸಿಲರೇಟರ್ ತುಳಿಯುವುದನ್ನು ಮರೆತರೆ ಗಾಳಿ ಸರಿಯಾಗಿ ಒಳಗೆ ಹೋಗದೆ ಎಲ್ಲ ಸಿಲಿಂಡರಿನ ಅಂಕಿಯೂ ಕಡಿಮೆ ಬರುತ್ತದೆ, ಸುಮ್ನೆ ಗಾಬರಿಯಾಗುತ್ತೀರಿ. ಎಷ್ಟು ಬರಬೇಕು ಅನ್ನುವುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಅದನ್ನು ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿ. ನಿಮಗೆ ಮುಖ್ಯ ಸಿಲಿಂಡರುಗಳ ನಡುವಿನ ವ್ಯತ್ಯಾಸ. ಅದು ಶೇ 10ರ ಒಳಗಿದ್ದರೆ ನಿರಾಳ. ಒಂದು ಸಿಲಿಂಡರ್ ಮಾತ್ರ ಕೆಳಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ರೋಟರಿಗೆ ಈ ಗೇಜ್ ನಡೆಯುವುದಿಲ್ಲ. ಪ್ರತಿ ರೋಟರಿನ ಮೂರು ಮುಖಗಳನ್ನೂ ಬೇರೆ ಬೇರೆ ತೋರಿಸುವ ಟೆಸ್ಟರ್ ಬೇಕು.

ಲೀಕ್‌ಡೌನ್ ಟೆಸ್ಟ್ ಮಾಡಿಸಿದರೆ ಇನ್ನೂ ಒಳ್ಳೆಯದು. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ, ಎಲ್ಲಿಂದ ಸೋರುತ್ತದೆ ಅಂತ ಕಿವಿಗೊಟ್ಟು ಕೇಳುವ ಪರೀಕ್ಷೆ ಅದು. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿಸಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಸೋರಿಕೆ ಶೇ 20 ದಾಟಿದ್ದರೆ ಟ್ಯೂನಿಂಗ್ ದುಡ್ಡನ್ನು ಎಂಜಿನ್ ರಿಪೇರಿಗೆ ಎತ್ತಿಡಿ. ಕೇಳಲು ಬೇಜಾರೇ, ಆದರೆ ಬೇರೆ ದಾರಿ ಇಲ್ಲ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಸಮೇತ ಗೊತ್ತಿಲ್ಲ ಅಂದರೆ ಬದಲಾಯಿಸಿಬಿಡಿ. ಜೊತೆಗೆ ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್ ಕೂಡ. ಇಂತಹ ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ.

ಬ್ರೇಕ್ ಮತ್ತು ಟೈರ್ ಕೂಡ ಇದೇ ಹೆಜ್ಜೆಯಲ್ಲಿ. ಪವರ್ ಬಂದ ಮೇಲೆ ನೋಡೋಣ ಅನ್ನುವವರೇ ಜಾಸ್ತಿ, ಅದು ತಪ್ಪು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಎಳೆದುಕೊಂಡು ಕುದಿಯುವ ಬಿಂದು ಇಳಿಸಿಕೊಳ್ಳುತ್ತದೆ, ಹಳೆಯ ರಬ್ಬರ್ ಬ್ರೇಕ್ ಹೋಸ್ ಒಳಗೇ ಊದಿಕೊಂಡಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರುಗಳು ಆಳವಾಗಿದ್ದರೂ ಹತ್ತು ವರ್ಷದ ರಬ್ಬರ್ ಕಲ್ಲಿನ ಹಾಗೆ ಆಗಿರುತ್ತದೆ, ಅದರ ಮೇಲೆ ಹೆಚ್ಚಿನ ಪವರ್ ಹಾಕಬೇಡಿ.

ಎರಡನೇ ಹೆಜ್ಜೆ: ಸೋರಿಕೆ ಹುಡುಕುವುದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಫಲ ಕೊಡುವುದು ಇದು. ಟರ್ಬೊ ಒತ್ತಿ ಕಳಿಸಿದ ಗಾಳಿ ಎಂಜಿನ್ ತಲುಪುವ ಮುಂಚೆ ಎಷ್ಟೋ ಜೋಡಣೆ ದಾಟಬೇಕು. ಒಂದೊಂದೂ ಹಳೆಯ ರಬ್ಬರು, ತುಕ್ಕು ಹಿಡಿದ ಕ್ಲಾಂಪು. ಗಾಡಿ ನಿಂತಿದ್ದಾಗ ಈ ಸೋರಿಕೆ ಕಾಣುವುದಿಲ್ಲ, ಕೇಳುವುದೂ ಇಲ್ಲ. ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತದೆ.

ಪರೀಕ್ಷೆ ಹೀಗೆ. ಏರ್ ಫಿಲ್ಟರ್ ಮತ್ತು ಅದರ ಪೈಪ್ ಬಿಚ್ಚಿ. ಟರ್ಬೊ ಗಾಳಿ ಎಳೆಯುವ ಬಾಯಿಗೆ ಒಂದು ರಬ್ಬರ್ ಕಪ್ಲರ್, ಅದರ ಇನ್ನೊಂದು ತುದಿಗೆ ಟೈರ್ ವಾಲ್ವ್ ಕೂರಿಸಿದ ಮುಚ್ಚಳ. ಎರಡೂ ಕಡೆ ಕ್ಲಾಂಪ್ ಬಿಗಿ ಮಾಡಿ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಹೋಸ್ ಈ ಪೈಪಿಗೆ ಸೇರುತ್ತಿದ್ದರೆ ಅದನ್ನು ಮುಚ್ಚಿಬಿಡಿ, ಇಲ್ಲದಿದ್ದರೆ ಒತ್ತಡ ಎಂಜಿನ್ ಹೊಟ್ಟೆಗೆ ನುಗ್ಗಿ ಆಯಿಲ್ ಸೀಲ್‌ಗಳನ್ನು ಹೊರಗೆ ತಳ್ಳುತ್ತದೆ. ಕಂಪ್ರೆಸರಿಗೆ ರೆಗ್ಯುಲೇಟರ್ ಹಾಕಿ ಮೊದಲು 5 ಪಿಎಸ್‌ಐ (ಒತ್ತಡದ ಅಳತೆ, ಸುಮಾರು 14.5 ಪಿಎಸ್‌ಐ ಅಂದರೆ 1 ಬಾರ್), ಆಮೇಲೆ 10, ಆಮೇಲೆ ನೀವು ಓಡಿಸಬೇಕೆಂದಿರುವ ಬೂಸ್ಟಿನಷ್ಟು ಕೊಡಿ. ಮುಚ್ಚಳದ ಎದುರಿಗೆ ಮಾತ್ರ ನಿಲ್ಲಬೇಡಿ. ಜಾರಿದರೆ ಗುಂಡಿನ ಹಾಗೆ ಹಾರುತ್ತದೆ.

ಈಗ ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ತೆಗೆದುಕೊಂಡು ಒಂದೊಂದೇ ಜೋಡಣೆಗೆ ಹೊಡೆಯುತ್ತಾ ಹೋಗಿ. ನನ್ನ ಕಾರಿನಲ್ಲಿ ಇಂಟರ್‌ಕೂಲರಿನಿಂದ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ) ಥ್ರಾಟಲ್‌ಗೆ ಬರುವ ದಪ್ಪ ಹೋಸ್ ಮೇಲಿಂದ ನೋಡಿದರೆ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ಅಡಿಗೆ ಕೈ ಹಾಕಿ ಹಿಂಡಿದಾಗ ಕೆರೆ ಒಣಗಿದ ಮೇಲೆ ತಳ ಬಿರಿಯುತ್ತದಲ್ಲ, ಹಾಗೆ ರಬ್ಬರ್ ಬಿರುಕು ಬಿಟ್ಟಿತು. 8 ಪಿಎಸ್‌ಐವರೆಗೆ ಏನೂ ಇರಲಿಲ್ಲ. 9ಕ್ಕೆ ಬಂದಾಗ ಬಿರುಕಿನುದ್ದಕ್ಕೂ ಸಾಲುಗುಳ್ಳೆ ಎದ್ದವು. ಥ್ರಾಟಲ್ ಶಾಫ್ಟಿನ ಸೀಲ್, ಇಂಜೆಕ್ಟರಿನ ಬುಡದ ಓ-ರಿಂಗ್, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿ ಬಿಡುವ ಬ್ಲೋ-ಆಫ್ ವಾಲ್ವ್, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇವನ್ನು ಖಂಡಿತ ನೋಡಿ. ನಾನು ಹೋಸ್ ಮತ್ತು ನಾಲ್ಕು ಕ್ಲಾಂಪ್ ಬದಲಾಯಿಸಿದ್ದಕ್ಕೇ ಗಾಡಿ ಸುಮಾರು 400 ಆರ್‌ಪಿಎಂ ಮುಂಚೆ ಬೂಸ್ಟ್ ಹಿಡಿಯಲು ಶುರು ಮಾಡಿತು, ಅದೂ ಬೂಸ್ಟ್ ಸೆಟ್ಟಿಂಗ್ ಮುಟ್ಟದೆ.

ಸೋರಿಕೆ ಬಿಟ್ಟರೆ ಆಗುವುದು ಏನು ಗೊತ್ತಾ? ಒಳಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರ್ ಇರುವ ಕಾರಾದರೆ ಎಣಿಕೆಯಾದ ಗಾಳಿ ಹೊರಗೆ ಹೋಗಿ ಪೆಟ್ರೋಲ್ ಜಾಸ್ತಿಯಾಗುತ್ತದೆ, ಕಪ್ಪು ಹೊಗೆ. ಪ್ರೆಷರ್ ಸೆನ್ಸರ್ ಇರುವ ಕಾರಾದರೆ ಅದೇ ಬೂಸ್ಟ್ ತಲುಪಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗುತ್ತದೆ. ಏರ್‌ಫ್ಲೋ ಮೀಟರ್ ಇರುವ ಕಾರಿಗೆ ಸದ್ದಿನ ಆಸೆಗೆ ಗಾಳಿ ಹೊರಗೆ ಬಿಡುವ ಬ್ಲೋ-ಆಫ್ ವಾಲ್ವ್ ಹಾಕಿಸಿದರೂ ಇದೇ ಕಥೆ, ಗೇರ್ ಬದಲಾಯಿಸುವಾಗಲೆಲ್ಲ ಎಂಜಿನ್ ಮುಗ್ಗರಿಸುತ್ತದೆ. ಗಾಳಿಯನ್ನು ಟರ್ಬೊ ಬಾಯಿಗೇ ವಾಪಸ್ ಕಳಿಸುವ ಕಂಪನಿ ವಾಲ್ವ್ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಬೆರಳು ದಪ್ಪಕ್ಕಿಂತ ಸಣ್ಣ ವ್ಯಾಕ್ಯೂಮ್ ಹೋಸ್‌ಗಳನ್ನೂ ಒಂದೊಂದಾಗಿ ಬದಲಾಯಿಸಿ. ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅಂತ ತಲೆ ಕೆಡುತ್ತದೆ, ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟ್ ಗಾಳಿಯನ್ನು ಟರ್ಬೊ ಪಕ್ಕದಿಂದ ಹೊರಬಿಡುವ ವೇಸ್ಟ್‌ಗೇಟ್‌ಗೆ ಹೋಗುವ ಹೋಸ್‌ಗೆ ಎರಡೂ ತುದಿಯಲ್ಲಿ ಕ್ಲಿಪ್ ಇರಲೇಬೇಕು. ಅದು ಕಳಚಿದರೆ ವೇಸ್ಟ್‌ಗೇಟ್‌ಗೆ ಬೂಸ್ಟ್ ಎಷ್ಟಾಗಿದೆ ಅಂತಲೇ ಗೊತ್ತಾಗುವುದಿಲ್ಲ, ಅದು ತೆರೆಯುವುದೇ ಇಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ.

ಟರ್ಬೊ ಮತ್ತು ಆಯಿಲ್

ಪೈಪ್ ಬಿಚ್ಚಿದ್ದಾಗಲೇ ಟರ್ಬೊ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಎಂಜಿನ್ ತಣ್ಣಗಿರಲಿ. ಅಕ್ಕಪಕ್ಕ ಸ್ವಲ್ಪ ಆಟ ಇರುವುದು ಸಹಜ, ಆಯಿಲ್ ಒತ್ತಡ ಬಂದಾಗ ಅದು ಸರಿಹೋಗುತ್ತದೆ. ಆದರೆ ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಗೊತ್ತಾಗುವಷ್ಟಿದ್ದರೆ, ಅಥವಾ ಚಕ್ರ ಸುತ್ತಲಿನ ಗೋಡೆಗೆ ಉಜ್ಜಿದ ಗುರುತು ಇದ್ದರೆ ಟರ್ಬೊ ರಿಪೇರಿಗೆ ಹೋಗಬೇಕು. ಆಯಿಲ್ ಕೊಡುವ ಪೈಪಿನ ಬೋಲ್ಟಿನೊಳಗೆ ಕೆಲವು ಕಾರುಗಳಲ್ಲಿ ಸಣ್ಣ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡು ಎಷ್ಟೋ ಟರ್ಬೊ ಸತ್ತಿವೆ. ಬಿಚ್ಚಿ ತೊಳೆಯಿರಿ. ವಾಪಸ್ ಬರುವ ಪೈಪ್ ಎಲ್ಲೂ ಏರು ಇಲ್ಲದೆ ಇಳಿಜಾರಾಗಿಯೇ ಇರಬೇಕು, ಯಾಕೆಂದರೆ ಆಯಿಲ್ ಅಲ್ಲಿ ತನ್ನ ಭಾರಕ್ಕೆ ಹರಿಯುವುದು ಮಾತ್ರ.

ಫುಲ್ ಸಿಂಥೆಟಿಕ್ ಆಯಿಲ್ ಹಾಕಿ. ಜೋರಾಗಿ ಓಡಿಸಿದ ಮೇಲೆ ತಕ್ಷಣ ಎಂಜಿನ್ ಆಫ್ ಮಾಡದೆ ಕೊನೆಯ ಸ್ವಲ್ಪ ದೂರ ನಿಧಾನಕ್ಕೆ ಬಂದು, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಕೆಂಪಗೆ ಕಾದ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ.

ಮೂರನೇ ಹೆಜ್ಜೆ: ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುವುದು

ಎರಡು ಗೇಜ್ ಬೇಕೇ ಬೇಕು. ಒಂದು ಬೂಸ್ಟ್ ಗೇಜ್, ಇನ್ನೊಂದು ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಗೇಜ್. ಕಂಪನಿಯ ಹಳೆಯ ಆಕ್ಸಿಜನ್ ಸೆನ್ಸರ್ 14.7:1ರ ಆಸುಪಾಸಿನಲ್ಲಿ ಮಾತ್ರ ಸರಿಯಾಗಿ ಹೇಳುತ್ತದೆ, ಅಂದರೆ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ. ಬೂಸ್ಟ್‌ನಲ್ಲಿ ಎಂಜಿನ್‌ಗೆ ಅದಕ್ಕಿಂತ ಜಾಸ್ತಿ ಪೆಟ್ರೋಲ್ ಬೇಕು, ಸಾಮಾನ್ಯವಾಗಿ 11.5ರಿಂದ 12ರ ಸುತ್ತ. ಹೆಚ್ಚಿನ ಪೆಟ್ರೋಲ್ ಸಿಲಿಂಡರಿನ ಒಳಗನ್ನು ತಂಪಾಗಿಡುತ್ತದೆ. ಪೂರ್ತಿ ತುಳಿದಾಗ ಅಂಕಿ 13 ಕಡೆಗೆ ಹೋಗುತ್ತಿದ್ದರೆ ಕಾಲು ತೆಗೆಯಿರಿ, ಮುಂದೆ ಹೋಗಬೇಡಿ. ಆದರೆ ನೆನಪಿರಲಿ, ಈ ಗೇಜ್ ತೋರಿಸುವುದು ಎಲ್ಲ ಸಿಲಿಂಡರಿನ ಸರಾಸರಿ. ನನ್ನ ಮೂರನೇ ಸಿಲಿಂಡರಿನಂಥ ತೊಂದರೆ ಅದರಲ್ಲಿ ಅಡಗಿಕೊಳ್ಳುತ್ತದೆ. ಹಾಗಾಗಿಯೇ ಮುಂದಿನ ಹೆಜ್ಜೆ.

ನಾಲ್ಕನೇ ಹೆಜ್ಜೆ: ಪೆಟ್ರೋಲ್ ಮತ್ತು ಕಿಡಿ

ಇಂಜೆಕ್ಟರ್‌ಗಳನ್ನೆಲ್ಲ ಬಿಚ್ಚಿ ಕ್ಲೀನಿಂಗ್ ಮೆಷಿನ್ ಇರುವ ಕಡೆ ಕೊಡಿ. ತೊಳೆಯುವ ಮುಂಚೆ ಮತ್ತು ನಂತರ ಪ್ರತಿಯೊಂದೂ ಎಷ್ಟು ಸುರಿಯುತ್ತದೆ ಅನ್ನುವ ಅಳತೆಯನ್ನು ಬರೆಸಿಕೊಳ್ಳಿ. ಫ್ಯೂಯಲ್ ಫಿಲ್ಟರ್ ಹೊಸದು ಹಾಕಿ.

ಇಂಜೆಕ್ಟರ್ ಎಷ್ಟು ದೊಡ್ಡದು ಬೇಕು ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ಟರ್ಬೊ ಎಂಜಿನ್‌ಗೆ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಅಂತ ಇಟ್ಟುಕೊಳ್ಳಿ. 300 ಅಶ್ವಶಕ್ತಿಗೆ 1890 ಸಿಸಿ. ನಾಲ್ಕು ಸಿಲಿಂಡರಿಗೆ ಹಂಚಿದರೆ ತಲಾ 472. ಇಂಜೆಕ್ಟರನ್ನು ಶೇ 80ಕ್ಕಿಂತ ಜಾಸ್ತಿ ದುಡಿಸಬಾರದು, ಹಾಗಾಗಿ 472ನ್ನು 0.8ರಿಂದ ಭಾಗಿಸಿ, 590 ಸಿಸಿ ಬಂತು. ಈಗಿರುವುದು 440 ಸಿಸಿಯದಾಗಿದ್ದರೆ ಅದು ಎಲ್ಲಿಗೆ ನಿಲ್ಲುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು, ಸುಮಾರು 220.

ಪಂಪನ್ನೂ ಮರೆಯಬೇಡಿ. ಪ್ರೆಷರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿ ಐಡಲ್‌ನಲ್ಲಿ ಅಳೆದಾಗ 3 ಬಾರ್ ಇದ್ದ ಪೆಟ್ರೋಲ್ ಒತ್ತಡ 1 ಬಾರ್ ಬೂಸ್ಟ್ ಬಂದಾಗ 4 ಬಾರ್ ಆಗಬೇಕು, ಒತ್ತಡ ಏರಿದಂತೆಲ್ಲ ಪಂಪ್ ತಳ್ಳುವ ಪ್ರಮಾಣ ಇಳಿಯುತ್ತದೆ. ಅಂದರೆ ಎಂಜಿನ್‌ಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಹೊತ್ತಿಗೇ ಪಂಪ್ ಸೋಲುವುದು. ಹಳೆಯ ವೈರಿಂಗ್‌ನಲ್ಲಿ ಪಂಪಿಗೆ 13.8 ವೋಲ್ಟ್ ಬದಲು 11-12 ಮಾತ್ರ ತಲುಪುವುದು ಮಾಮೂಲು. ಎಂಜಿನ್ ಓಡುವಾಗ ಪಂಪಿನ ತುದಿಯಲ್ಲಿ ಮೀಟರ್ ಹಿಡಿದು ನೋಡಿ. ಕಡಿಮೆ ಇದ್ದರೆ ಬ್ಯಾಟರಿಯಿಂದ ನೇರ ದಪ್ಪ ವೈರ್, ಫ್ಯೂಸ್ ಮತ್ತು ರಿಲೇ ಹಾಕಿಸಿ.

ಪ್ಲಗ್ ವಿಷಯ ಚಿಕ್ಕದು. ಕಂಪನಿ ಹೇಳಿದ್ದಕ್ಕಿಂತ ಒಂದು ಹೆಜ್ಜೆ ತಂಪಿನ ಪ್ಲಗ್ ಹಾಕಿ, ಗ್ಯಾಪ್ 0.7 ಎಂಎಂ ಸುತ್ತ ಇಡಿ. ಬೂಸ್ಟ್ ಜಾಸ್ತಿಯಾದರೆ ಕಿಡಿ ಆರಿಹೋಗುತ್ತದೆ, ಗ್ಯಾಪ್ ಕಡಿಮೆ ಮಾಡಿದರೆ ಆರದೆ ಉಳಿಯುತ್ತದೆ.

ಐದನೇ ಹೆಜ್ಜೆ: ಉಸಿರು ಸಲೀಸು ಮಾಡುವುದು

ಟರ್ಬೊ ಕಾರಿನಲ್ಲಿ ಎಕ್ಸಾಸ್ಟ್ ಬದಲಾಯಿಸಿದರೆ ಸಿಗುವ ಲಾಭ ಬೇರೆ ಕಾರುಗಳಿಗಿಂತ ಬಹಳ ಹೆಚ್ಚು. ಅದರಲ್ಲೂ ಟರ್ಬೊದಿಂದ ಹೊರಬರುವ ಡೌನ್‌ಪೈಪ್. ಅಲ್ಲಿ ತಡೆ ಕಡಿಮೆಯಾದಷ್ಟೂ ಟರ್ಬೊ ಬೇಗ ಎದ್ದೇಳುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬಿಸಾಡಬೇಡಿ, ಸಲೀಸಾಗಿ ಹರಿಯಬಿಡುವ ಒಳ್ಳೆಯ ಕ್ಯಾಟ್ ಹಾಕಿಸಿದರೆ ಕಳೆದುಕೊಳ್ಳುವ ಪವರ್ ತೀರಾ ಕಡಿಮೆ, ರಸ್ತೆಯ ಮೇಲೆ ವಿಷಾನಿಲವೂ ಕಡಿಮೆ.

ಇಲ್ಲಿ ಒಂದು ಅಪಾಯ ಇದೆ. ಎಕ್ಸಾಸ್ಟ್ ಸಲೀಸಾದ ಮೇಲೆ ಹಳೆಯ ಸಣ್ಣ ವೇಸ್ಟ್‌ಗೇಟ್ ಪೂರ್ತಿ ತೆರೆದರೂ ಸಾಕಾಗದೆ, ಆರ್‌ಪಿಎಂ ಏರಿದಂತೆ ಬೂಸ್ಟ್ ತಾನಾಗಿ ಮೇಲೇರಬಹುದು. ಇದಕ್ಕೆ ಬೂಸ್ಟ್ ಕ್ರೀಪ್ ಅನ್ನುತ್ತಾರೆ. ಹೊಸ ಎಕ್ಸಾಸ್ಟ್ ಹಾಕಿದ ದಿನ ಪೂರ್ತಿ ತುಳಿಯದೆ ನಿಧಾನವಾಗಿ ಮೇಲೇರಿಸುತ್ತಾ ಗೇಜ್ ನೋಡಿ. ಕ್ರೀಪ್ ಇದ್ದರೆ ವೇಸ್ಟ್‌ಗೇಟ್ ರಂಧ್ರ ದೊಡ್ಡದು ಮಾಡಿಸಬೇಕು ಅಥವಾ ಹೊರಗಿನ ದೊಡ್ಡ ವೇಸ್ಟ್‌ಗೇಟ್ ಹಾಕಿಸಬೇಕು. ಬೂಸ್ಟ್ ಕಂಟ್ರೋಲರ್‌ನಿಂದ ಇದು ಸರಿಹೋಗುವುದಿಲ್ಲ.

ಇಂಟರ್‌ಕೂಲರಿಗೆ ಖರ್ಚು ಮಾಡಿದ ದುಡ್ಡು ಎಂದೂ ದಂಡವಲ್ಲ. ಲೆಕ್ಕ ನೋಡಿ. ಹೊರಗೆ 25 ಡಿಗ್ರಿ ಸೆಲ್ಸಿಯಸ್, ಬೂಸ್ಟ್ 1 ಬಾರ್, ಟರ್ಬೊದ ದಕ್ಷತೆ ಶೇ 70 ಇದ್ದರೆ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 118 ಡಿಗ್ರಿ ಇರುತ್ತದೆ. ಇಂಟರ್‌ಕೂಲರ್ ಆ ಏರಿಕೆಯಲ್ಲಿ ಶೇ 70 ಕಳೆದರೆ 53ಕ್ಕೆ ಇಳಿಯುತ್ತದೆ. ಹಳೆಯ ಕಾರಿನ ಇಂಟರ್‌ಕೂಲರ್ ರೆಕ್ಕೆಗಳು ಮಣ್ಣು ಮೆತ್ತಿಕೊಂಡು ಮಡಚಿಹೋಗಿರುತ್ತವೆ, ಒಳಗೆ ಆಯಿಲ್ ಅಂಟು ಕೂತಿರುತ್ತದೆ. ಹೊಸದು ಕೊಳ್ಳುವ ಮುಂಚೆ ಇರುವುದನ್ನು ಬಿಚ್ಚಿ ಒಳಗೂ ಹೊರಗೂ ತೊಳೆದು ರೆಕ್ಕೆ ನೆಟ್ಟಗೆ ಮಾಡಿ ನೋಡಿ.

ಆರನೇ ಹೆಜ್ಜೆ: ಈಗ ಬೂಸ್ಟ್

ಇಲ್ಲಿಯವರೆಗೆ ಬಂದವರಿಗೆ ಮಾತ್ರ ಇದು. ಹಳೆಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತನ್ನ ಮಿತಿ ದಾಟಿ ಬೂಸ್ಟ್ ಕಂಡರೆ ಪೆಟ್ರೋಲ್ ಕಡಿತ ಮಾಡುತ್ತದೆ, ಗಾಡಿ ಹಗ್ಗ ಹಿಡಿದು ಎಳೆದಂತೆ ನಿಲ್ಲುತ್ತದೆ. ಇದನ್ನು ತಪ್ಪಿಸಲು ಸೆನ್ಸರಿಗೆ ಸುಳ್ಳು ಹೇಳುವ ಸಣ್ಣ ಡಬ್ಬಿಗಳು ಸಿಗುತ್ತವೆ. ದಯವಿಟ್ಟು ಬೇಡ. ಇಸಿಯುಗೆ ಕಾಣದ ಗಾಳಿಗೆ ಪೆಟ್ರೋಲ್ ಕೊಡುವವರು ಯಾರು? ಹೊಸ ಇಂಜೆಕ್ಟರ್, ಹೊಸ ಬೂಸ್ಟ್ ಎರಡಕ್ಕೂ ಸರಿಯಾದ ಮ್ಯಾಪ್ ಬೇಕು, ಅಂದರೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅನ್ನುವ ಇಸಿಯು ಪಟ್ಟಿ. ಮರುಬರೆದ ಚಿಪ್ ಆಗಬಹುದು, ಹಳೆಯದರ ಬದಲು ಕೂರಿಸುವ ಸ್ಟ್ಯಾಂಡ್‌ಅಲೋನ್ ಇಸಿಯು ಆಗಬಹುದು. ನನ್ನನ್ನು ಕೇಳಿದರೆ, ಹಳೆಯ ವೈರಿಂಗ್ ಚೆನ್ನಾಗಿದ್ದು ಗುರಿ ದೊಡ್ಡದಿಲ್ಲದಿದ್ದರೆ ಚಿಪ್ ಸಾಕು. ಆಮೇಲೆ ಟರ್ಬೊ ಕೂಡ ಬದಲಾಯಿಸುವ ಯೋಚನೆ ಇದ್ದರೆ ಸ್ಟ್ಯಾಂಡ್‌ಅಲೋನ್‌ಗೇ ಹೋಗಿ, ಎರಡು ಸಲ ದುಡ್ಡು ಕೊಡುವುದು ತಪ್ಪುತ್ತದೆ.

ಟ್ಯೂನಿಂಗ್ ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೇ ಆಗಲಿ, ರಸ್ತೆಯಲ್ಲಿ ಬೇಡ. ವೇಸ್ಟ್‌ಗೇಟ್ ಸ್ಪ್ರಿಂಗ್ ಒತ್ತಡದಿಂದ ಶುರು ಮಾಡಿ ಮೊದಲು ಗಾಳಿ-ಪೆಟ್ರೋಲ್ ಸರಿ ಮಾಡಬೇಕು. ಆಮೇಲೆ 0.1 ಬಾರ್‌ನಂತೆ ಏರಿಸುತ್ತಾ ಪ್ರತಿ ಸಲ ವೈಡ್‌ಬ್ಯಾಂಡ್, ಒಳಹೋಗುವ ಗಾಳಿಯ ಬಿಸಿ, ನಾಕಿಂಗ್ ಮೂರನ್ನೂ ನೋಡಬೇಕು. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಕೊನೆಗೆ, ಒಂದು ಸಲಕ್ಕೆ ಒಂದೇ ಡಿಗ್ರಿ ಮುಂದಕ್ಕೆ. ಟಾರ್ಕ್ ಏರದಿದ್ದರೆ ಅಲ್ಲಿಗೇ ನಿಲ್ಲಿಸಿ. ನಾಕಿಂಗ್‌ನ ಸುಳಿವು ಸಿಕ್ಕರೆ ಕನಿಷ್ಠ 2 ಡಿಗ್ರಿ ಹಿಂದಕ್ಕೆ ಬನ್ನಿ. ನೀವು ದಿನಾ ಹಾಕಿಸುವ ಪೆಟ್ರೋಲ್‌ನಲ್ಲೇ ಟ್ಯೂನ್ ಮಾಡಿಸಿ, ಆವತ್ತಿಗೆ ಮಾತ್ರ ಹೆಚ್ಚು ಆಕ್ಟೇನ್ ಪೆಟ್ರೋಲ್ ತುಂಬಿಸಿಕೊಂಡು ಹೋಗಬೇಡಿ. ಬೂಸ್ಟ್, ಪೆಟ್ರೋಲ್, ಟೈಮಿಂಗ್ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವ ಟ್ಯೂನರ್ ಸಿಕ್ಕರೆ ಅವರನ್ನು ಬಿಡಬೇಡಿ. ಟಾರ್ಕ್ ಜಾಸ್ತಿಯಾದ ಮೇಲೆ ಹಳೆಯ ಕ್ಲಚ್ ಜಾರುವ ಸಾಧ್ಯತೆ ಇದೆ, ನಾಲ್ಕನೇ ಗೇರಿನಲ್ಲಿ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಅದೇ ಕಾರಣ.

ಟ್ಯೂನ್ ಆಗಿ 500 ಕಿಲೋಮೀಟರ್ ಓಡಿದ ಮೇಲೆ ಒಂದು ಸಲ ಎಲ್ಲ ಕ್ಲಾಂಪ್ ಬಿಗಿ ಮಾಡಿ, ಆಯಿಲ್ ಬದಲಾಯಿಸಿ, ಪ್ಲಗ್‌ಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಎಲ್ಲ ಒಂದೇ ತಿಳಿ ಕಂದು ಬಣ್ಣದಲ್ಲಿರಬೇಕು. ಒಂದು ಮಾತ್ರ ಉಳಿದವಕ್ಕಿಂತ ಬೆಳ್ಳಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರನ್ನು ಮತ್ತೆ ಅಳತೆಗೆ ಕೊಡಿ, ವರದಿ ಬರುವವರೆಗೆ ಬೂಸ್ಟ್ ಇಳಿಸಿ ಓಡಿಸಿ.